ಲಂಡನ್‌ನಿಂದ ಡನಿಚ್ ಕಡಲತೀರಕ್ಕೆ ಒಂದು ರಾತ್ರಿ: ಬೆಂಗಳೂರಿನ ಸೈಕಲ್ ಗುಂಪುಗಳಿಗೆ ಸಮಗ್ರ ಮಾರ್ಗದರ್ಶಿ

ಬೆಂಗಳೂರಿನ ಸೈಕಲ್ ಸವಾರರಿಗೆ ಒಂದು ಕೊರತೆ ಇದ್ದೇ ಇದೆ. ಸಂಜೆ ಹೊರಟು ಬೆಳಗ್ಗೆ ಕಡಲು ಮುಟ್ಟೋಣ ಅಂದರೆ ಇಲ್ಲಿಂದ ಆಗುವುದಿಲ್ಲ. ಮಂಗಳೂರಾಗಲಿ, ಚೆನ್ನೈ ಆಗಲಿ, ಪುದುಚೇರಿಯಾಗಲಿ, ಯಾವ ಕಡೆ ತಿರುಗಿದರೂ 300 ಕಿ.ಮೀ. ದಾಟುತ್ತದೆ. ಅದಕ್ಕೇ ವಿದೇಶದ ರಾತ್ರಿ ಸವಾರಿಗಳ ಕಡೆ ನಮ್ಮ ಕಣ್ಣು ಹೋಗುವುದು. ಅವುಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಲಂಡನ್‌ನ ಹ್ಯಾಕ್ನಿಯಿಂದ ಸಫೋಕ್ ಕರಾವಳಿಯ ಡನಿಚ್‌ವರೆಗಿನ ದಾರಿ. ಸುಮಾರು 180 ಕಿ.ಮೀ. ಒಂದು ಬೇಸಿಗೆಯ ರಾತ್ರಿ. ಕೊನೆಗೆ ಉತ್ತರ ಸಮುದ್ರ.

ಹತ್ತಿರದ ಶ್ರೀಲಂಕಾ ಬಿಟ್ಟು ಅಷ್ಟು ದೂರ ಯಾಕೆ ಅಂತ ಕೇಳಬಹುದು. ಶ್ರೀಲಂಕಾ ಹಗಲಿನ ಸವಾರಿಗೆ ಸೊಗಸಾದ ದೇಶ. ಆದರೆ ಹಬರಣ, ತ್ರಿಂಕೋಮಲಿ ಕಡೆಯ ರಸ್ತೆಗಳಲ್ಲಿ ಕತ್ತಲಾದ ಮೇಲೆ ಕಾಡಾನೆಗಳು ದಾಟುತ್ತವೆ. ಅಲ್ಲಿ ರಾತ್ರಿ ಸೈಕಲ್ ತುಳಿಯಿರಿ ಎಂದು ನಾನು ಯಾರಿಗೂ ಹೇಳಲಾರೆ.

ಈ ದಾರಿಯಲ್ಲಿ ವರ್ಷಕ್ಕೊಮ್ಮೆ 'ಡನಿಚ್ ಡೈನಮೋ' ನಡೆಯುತ್ತದೆ. 1990ರ ದಶಕದ ಆರಂಭದಲ್ಲಿ ಶುರುವಾದ ಸವಾರಿ ಇದು. ಸಾಮಾನ್ಯವಾಗಿ ಜುಲೈ ತಿಂಗಳಲ್ಲಿ, ಹುಣ್ಣಿಮೆಗೆ ಹತ್ತಿರದ ಶನಿವಾರ ರಾತ್ರಿ. ಲಂಡನ್ ಫೀಲ್ಡ್ಸ್ ಪಾರ್ಕಿನಲ್ಲಿ ಸೇರುತ್ತಾರೆ, ಕತ್ತಲಾಗುವ ಹೊತ್ತಿಗೆ ಹೊರಡುತ್ತಾರೆ. ಇದು ರೇಸ್ ಅಲ್ಲ. ಟಿಕೆಟ್ ಇಲ್ಲ, ನೋಂದಣಿ ಇಲ್ಲ, ಹಿಂದೆ ಬರುವ ಸಹಾಯದ ವಾಹನವೂ ಇಲ್ಲ. ಯಾರಾದರೂ ನೋಡಿಕೊಳ್ಳುತ್ತಾರೆ ಎನ್ನುವ ಪ್ರಶ್ನೆಯೇ ಬರುವುದಿಲ್ಲ. ನಿಮ್ಮ ಗುಂಪನ್ನು ನೀವೇ ನೋಡಿಕೊಳ್ಳಬೇಕು. ಅದೇ ದಿನ ಹೋದರೆ ಸಾವಿರಾರು ಕೆಂಪು ದೀಪಗಳ ಜೊತೆ ಹೋಗುತ್ತೀರಿ, ದಾರಿಯ ಕೆಲವು ಹಳ್ಳಿಗಳಲ್ಲಿ ರಾತ್ರಿಯೂ ಚಹಾ, ತಿಂಡಿ ಸಿಗುತ್ತದೆ. ಬೇರೆ ದಿನ ಹೋದರೆ ಊರುಗಳೆಲ್ಲ ಮಲಗಿರುತ್ತವೆ. ಮೊದಲ ಸಲ ಹೋಗುವವರು ಡೈನಮೋ ರಾತ್ರಿಯನ್ನೇ ಆರಿಸಿಕೊಳ್ಳಿ.

ಮೊದಲು ಗುಂಪು, ಆಮೇಲೆ ಟಿಕೆಟ್

ಆರರಿಂದ ಎಂಟು ಜನ ಸರಿಯಾದ ಸಂಖ್ಯೆ. ಅದಕ್ಕಿಂತ ಜಾಸ್ತಿಯಾದರೆ ಪ್ರತಿ ನಿಲುಗಡೆಯೂ ಅರ್ಧ ಗಂಟೆಗೆ ಎಳೆಯುತ್ತದೆ. ನಾಲ್ಕಕ್ಕಿಂತ ಕಮ್ಮಿಯಾದರೆ ಒಬ್ಬರಿಗೆ ಹುಷಾರು ತಪ್ಪಿದಾಗ ಕೈಗಳು ಸಾಲುವುದಿಲ್ಲ.

ಗುಂಪಿನ ವೇಗವನ್ನು ಎಲ್ಲರಿಗಿಂತ ನಿಧಾನದವರು ತೀರ್ಮಾನಿಸುತ್ತಾರೆ. ಈ ಮಾತನ್ನು ಎಲ್ಲರೂ ಒಪ್ಪುತ್ತಾರೆ, ರಾತ್ರಿ ಎರಡು ಗಂಟೆಗೆ ಎಲ್ಲರೂ ಮರೆಯುತ್ತಾರೆ. ಹಾಗಾಗಿ ಲೆಕ್ಕವನ್ನು ಬೆಂಗಳೂರಿನಲ್ಲೇ ಕಾಗದದ ಮೇಲೆ ಹಾಕಿ. ನಿಮ್ಮ ನಿಧಾನದ ಸವಾರರು 100 ಕಿ.ಮೀ. ತುಳಿದ ಮೇಲೂ ಗಂಟೆಗೆ 20 ಕಿ.ಮೀ. ಇಟ್ಟುಕೊಳ್ಳಬಲ್ಲರು ಅಂದುಕೊಳ್ಳಿ. ಆಗ 180 ಕಿ.ಮೀ.ಗೆ ತುಳಿಯುವ ಸಮಯವೇ 9 ಗಂಟೆ. ನಿಲುಗಡೆ, ಪಂಕ್ಚರ್, ಶೌಚ ಎಲ್ಲ ಸೇರಿ ಇನ್ನೆರಡೂವರೆ ಗಂಟೆ. ರಾತ್ರಿ 8:30ಕ್ಕೆ ಹೊರಟವರು ಬೆಳಗ್ಗೆ 8ಕ್ಕೆ ಕಡಲ ಮುಂದೆ. ಜುಲೈನಲ್ಲಿ ಅಲ್ಲಿ ಸೂರ್ಯ 5 ಗಂಟೆ ಸುಮಾರಿಗೇ ಹುಟ್ಟುತ್ತಾನೆ. ಅಂದರೆ ಆ ಹೊತ್ತಿಗೆ ನೀವು ಇನ್ನೂ 130ನೇ ಕಿ.ಮೀ. ಆಸುಪಾಸಿನ ಹೊಲಗಳ ನಡುವೆ ಇರುತ್ತೀರಿ.

ಇದನ್ನು ಮೊದಲೇ ಎಲ್ಲರಿಗೂ ಹೇಳಿಬಿಡಿ. ಡನಿಚ್ ಪೂರ್ವಕ್ಕೆ ಮುಖ ಮಾಡಿದ ತೀರ. ಗೋಕರ್ಣದಲ್ಲಿ ಸೂರ್ಯ ಕಡಲಿಗೆ ಇಳಿಯುತ್ತಾನೆ, ಅಲ್ಲಿ ಕಡಲಿನಿಂದ ಮೇಲೇಳುತ್ತಾನೆ. ಸೂರ್ಯೋದಯವನ್ನು ನೀರಿನ ಮೇಲೇ ನೋಡಬೇಕು ಎಂಬ ಆಸೆ ಒಬ್ಬಿಬ್ಬರಿಗೆ ಬಂದೇ ಬರುತ್ತದೆ. ಆ ಆಸೆಗೆ ವೇಗ ಏರಿಸಿದ ಗುಂಪು ನಡುದಾರಿಯಲ್ಲಿ ಒಡೆಯುತ್ತದೆ. ಹೊಲದ ಮೇಲೆ ಬೆಳಕು ಬರುವುದನ್ನು ನೋಡುವುದೂ ಚೆಂದವೇ.

ಗುಂಪಿನಲ್ಲಿ ಯಾರಿಗಾದರೂ 100 ಕಿ.ಮೀ. ಮೇಲೆ ಅನುಭವವೇ ಇಲ್ಲ ಅಂದರೆ ಗುರಿ ಬದಲಿಸಿ. ಲಂಡನ್‌ನಿಂದ ಬ್ರೈಟನ್‌ಗೆ ಸುಮಾರು 90 ಕಿ.ಮೀ. ಮಧ್ಯರಾತ್ರಿ ಹೊರಟರೂ ತಿಂಡಿಯ ಹೊತ್ತಿಗೆ ತಲುಪಬಹುದು. ಹಳೆಯ ದಾರಿ ಹಿಡಿದರೆ ಕೊನೆಯಲ್ಲಿ ಡಿಚ್ಲಿಂಗ್ ಬೀಕನ್ ಎಂಬ ಕಡಿದಾದ ಏರು ಇದೆ, ನಂದಿ ಬೆಟ್ಟ ಹತ್ತಿದವರಿಗೆ ಅದು ಉದ್ದ ಅನ್ನಿಸುವುದಿಲ್ಲ. ಬ್ರೈಟನ್‌ನಿಂದ ವಾಪಸ್ ರೈಲು ಸುಮಾರು ಒಂದು ಗಂಟೆ. ಮುಂದೆ ಹೇಳುವ ಬಹುಪಾಲು ವಿಷಯ ಅದಕ್ಕೂ ಅನ್ವಯಿಸುತ್ತದೆ.

ವೀಸಾ, ವಿಮಾನ, ವಿಮೆ

ಬ್ರಿಟನ್ನಿನ ಪ್ರವಾಸಿ ವೀಸಾಕ್ಕೆ ಪ್ರಯಾಣದ ದಿನಕ್ಕಿಂತ ಮೂರು ತಿಂಗಳಿಗೂ ಮೊದಲು ಅರ್ಜಿ ಹಾಕಲು ಬರುವುದಿಲ್ಲ. ಸಾಮಾನ್ಯವಾಗಿ ಮೂರು ವಾರದಲ್ಲಿ ಉತ್ತರ ಬರುತ್ತದೆ. ಜುಲೈ ಸವಾರಿಗೆ ಏಪ್ರಿಲ್ ಕೊನೆ ಅಥವಾ ಮೇ ಮೊದಲ ವಾರ ಸರಿಯಾದ ಸಮಯ. ಗುಂಪಾಗಿ ಹೋದರೂ ಅರ್ಜಿ ಒಬ್ಬೊಬ್ಬರದ್ದೇ. ಬೆರಳಚ್ಚು ಕೊಡುವುದು ಬೆಂಗಳೂರಿನಲ್ಲೇ ಆಗುತ್ತದೆ. ಬ್ಯಾಂಕ್ ಸ್ಟೇಟ್‌ಮೆಂಟ್, ಆಫೀಸಿನ ರಜೆ ಪತ್ರದ ಜೊತೆ ಒಂದು ಪುಟದ ಪತ್ರ ಇಡಿ. ಯಾವ ದಿನ ಎಲ್ಲಿರುತ್ತೀರಿ, ಸೈಕಲ್ ತರುತ್ತೀರಿ, ಅದನ್ನು ವಾಪಸ್ ಒಯ್ಯುತ್ತೀರಿ ಎಂದು ನೇರವಾಗಿ ಬರೆಯಿರಿ. ಎಂಟೂ ಜನರ ಪತ್ರದಲ್ಲಿ ದಿನಾಂಕಗಳು ಒಂದೇ ಇರಲಿ.

ಪ್ರವಾಸ ವಿಮೆ ಕೊಳ್ಳುವಾಗ ಒಂದೇ ಪ್ರಶ್ನೆ ಕೇಳಿ: ರಸ್ತೆಯಲ್ಲಿ ಸೈಕಲ್ ತುಳಿಯುವಾಗ ಬಿದ್ದರೆ ಖರ್ಚು ಕೊಡುತ್ತೀರಾ? ಕೆಲವು ಪಾಲಿಸಿಗಳು ಸೈಕ್ಲಿಂಗನ್ನು ಸಾಹಸ ಕ್ರೀಡೆಗೆ ಸೇರಿಸಿ ಕೈ ತೊಳೆದುಕೊಳ್ಳುತ್ತವೆ. ಉತ್ತರವನ್ನು ಮೇಲ್‌ನಲ್ಲೇ ತರಿಸಿಕೊಳ್ಳಿ.

ಈಗ ಸಮಯದ ವಿಚಾರ. ಬೇಸಿಗೆಯಲ್ಲಿ ಲಂಡನ್ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಅಲ್ಲಿ ರಾತ್ರಿ 12 ಅಂದರೆ ಇಲ್ಲಿ ಬೆಳಗಿನ 4:30. ನಮ್ಮಲ್ಲಿ ಭಾನುವಾರದ ರೈಡ್‌ಗೆ ಎಷ್ಟೋ ಜನ ಏಳುವ ಹೊತ್ತು ಅದೇ ಅಲ್ವಾ? ಅಂದರೆ ಹೊಸದಾಗಿ ಬಂದಿಳಿದ ಬೆಂಗಳೂರಿನ ಮೈಗೆ ಸಂಜೆ ಆರರಿಂದ ನಿದ್ದೆ ಎಳೆಯುತ್ತದೆ, ಮಧ್ಯರಾತ್ರಿ ಕಳೆದ ಮೇಲೆ ಎಚ್ಚರ ಬರುತ್ತದೆ. ಇದನ್ನು ನಿಮ್ಮ ಕಡೆಗೆ ತಿರುಗಿಸಿಕೊಳ್ಳಿ. ಗುರುವಾರ ತಲುಪಿ. ಶುಕ್ರವಾರ ಸೈಕಲ್ ಜೋಡಿಸಿ, ಒಂದು ಗಂಟೆ ಓಡಿಸಿ ನೋಡಿ. ಶನಿವಾರ ಮಧ್ಯಾಹ್ನ ಹೊಟ್ಟೆ ತುಂಬ ಅನ್ನ ಊಟ ಮಾಡಿ 2ರಿಂದ 6ರವರೆಗೆ ಪರದೆ ಎಳೆದು ಮಲಗಿ. ಲಂಡನ್ ಸುತ್ತುವುದಕ್ಕೆ ಸವಾರಿ ಆದ ಮೇಲೆ ದಿನಗಳನ್ನು ಇಟ್ಟುಕೊಳ್ಳಿ. ಶನಿವಾರ ಬೆಳಗ್ಗೆ ಎಂಟು ಕಿಲೋಮೀಟರ್ ನಡೆದು ಮ್ಯೂಸಿಯಂ ನೋಡಿ ಬಂದ ಕಾಲುಗಳು ರಾತ್ರಿ ಮಾತು ಕೇಳುವುದಿಲ್ಲ.

ಸೈಕಲ್ ಪ್ಯಾಕಿಂಗ್

ನಿಮ್ಮದೇ ಸೈಕಲ್ ಒಯ್ಯಿರಿ. ಬಾಡಿಗೆಗೂ ಸಿಗುತ್ತದೆ, ಆದರೆ 180 ಕಿ.ಮೀ. ರಾತ್ರಿಗೆ ಗೊತ್ತಿರುವ ಸೀಟೇ ಬೇಕು. ಸೈಕಲ್ ಅಂಗಡಿಯವರನ್ನು ಕೇಳಿದರೆ ಹೊಸ ಸೈಕಲ್ ಬಂದ ರಟ್ಟಿನ ಡಬ್ಬಿ ಕೊಡುತ್ತಾರೆ. ವಿಮಾನ ಸಂಸ್ಥೆಯ ತೂಕ ಮತ್ತು ಅಳತೆಯ ನಿಯಮ ಓದಿ, ಸೈಕಲ್ ಇದೆ ಎಂದು ಟಿಕೆಟ್‌ಗೆ ಸೇರಿಸಿಸಿ. ಕೌಂಟರಿನಲ್ಲಿ ಹೇಳೋಣ ಅಂತ ಬಿಡಬೇಡಿ.

ಪೆಡಲ್ ಬಿಚ್ಚುವಾಗ ಎಡಗಡೆಯದ್ದರ ಥ್ರೆಡ್ ಉಲ್ಟಾ ಇರುತ್ತದೆ. ಸ್ಪ್ಯಾನರ್ ಮೇಲ್ಮುಖವಾಗಿ ನಿಲ್ಲುವಂತೆ ಹಿಡಿದು ಹಿಂದಿನ ಚಕ್ರದ ಕಡೆ ತಿರುಗಿಸಿದರೆ ಎರಡೂ ಬಿಚ್ಚಿಕೊಳ್ಳುತ್ತವೆ. ಹ್ಯಾಂಡಲ್ ತಿರುಗಿಸಿ ಫ್ರೇಮಿಗೆ ಕಟ್ಟಿ. ಸೀಟ್ ಪೋಸ್ಟ್ ಎಲ್ಲಿಯವರೆಗೆ ಇತ್ತು ಎಂದು ಇನ್ಸುಲೇಷನ್ ಟೇಪ್ ಸುತ್ತಿ ಗುರುತು ಮಾಡಿ. ಹಿಂದಿನ ಡಿರೇಲರ್ (ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಭಾಗ) ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ, ಫ್ರೇಮ್ ಒಳಕ್ಕೆ ಕಟ್ಟಿ. ಡಬ್ಬಿ ಬಿದ್ದಾಗ ಮೊದಲು ಬಾಗುವುದು ಅದನ್ನು ಫ್ರೇಮಿಗೆ ಹಿಡಿಸುವ ಸಣ್ಣ ತುಂಡು, ಹ್ಯಾಂಗರ್. ಒಂದು ಹೊಸ ಹ್ಯಾಂಗರ್ ಜೇಬಿನಲ್ಲಿರಲಿ, ಯಾಕೆಂದರೆ ಒಂದೊಂದು ಫ್ರೇಮಿಗೂ ಅದರದ್ದೇ ಆಕಾರ, ಅಲ್ಲಿ ಶನಿವಾರ ಹುಡುಕಿದರೆ ಸಿಗುವ ಖಾತ್ರಿ ಇಲ್ಲ. ಡಿಸ್ಕ್ ಬ್ರೇಕ್ ಇದ್ದರೆ ಪ್ಯಾಡ್‌ಗಳ ನಡುವೆ ಮಡಚಿದ ರಟ್ಟು ತುರುಕಿ.

ಪವರ್ ಬ್ಯಾಂಕ್ ಮತ್ತು ಬಿಡಿ ಲಿಥಿಯಂ ಬ್ಯಾಟರಿಗಳು ಕೈಚೀಲದಲ್ಲೇ ಹೋಗಬೇಕು. ಗಾಳಿ ತುಂಬುವ ಗ್ಯಾಸ್ ಕಾರ್ಟ್ರಿಜ್‌ಗಳನ್ನು ಇಲ್ಲಿಂದ ಒಯ್ಯಬೇಡಿ, ಕೈಪಂಪ್ ಸಾಕು. ಬೆಲೆಬಾಳುವ ಸೈಕಲ್ ಆದರೆ ಹೊರಡುವ ಮುನ್ನ ಕೆಂಪೇಗೌಡ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿ. ಬಿಲ್ ಮತ್ತು ಫ್ರೇಮ್ ನಂಬರ್ ತೋರಿಸಬೇಕು. ವಾಪಸ್ ಬಂದಾಗ ಹೊಸದಾಗಿ ಕೊಂಡಿದ್ದೀರಾ ಎಂಬ ಪ್ರಶ್ನೆ ಬಂದರೆ ಆ ಕಾಗದ ಉತ್ತರ ಹೇಳುತ್ತದೆ. ಡಬ್ಬಿ ಬಿಚ್ಚಲು, ಮತ್ತೆ ಟೇಪ್ ಹಾಕಲು ಸಮಯ ಬೇಕು. ಅದಕ್ಕೆ ಇನ್ನೊಂದು ಗಂಟೆ ಮೊದಲೇ ಹೋಗಿ.

ಪೂರ್ವ ಲಂಡನ್‌ನಲ್ಲಿ, ಹ್ಯಾಕ್ನಿ ಅಥವಾ ಸ್ಟ್ರ್ಯಾಟ್‌ಫರ್ಡ್ ಕಡೆ ಉಳಿದುಕೊಳ್ಳಿ. ಕೋಣೆ ಕಾದಿರಿಸುವ ಮುಂಚೆ ಖಾಲಿ ಡಬ್ಬಿಗಳನ್ನು ಇಟ್ಟುಕೊಳ್ಳುತ್ತೀರಾ ಎಂದು ಕೇಳಿ. ಎಂಟು ಸೈಕಲ್ ಡಬ್ಬಿ ಅಂದರೆ ಒಂದು ಕೋಣೆಯೇ ತುಂಬುತ್ತದೆ.

ಬೆಂಗಳೂರಿನಲ್ಲಿ ಅಭ್ಯಾಸ

ನವೆಂಬರ್‌ನಿಂದ ಫೆಬ್ರವರಿ ನಮ್ಮ ಒಳ್ಳೆಯ ಕಾಲ. ಬೆಂಗಳೂರು ರಾಂಡನಿಯರ್ಸ್ ಕ್ಲಬ್ ನಡೆಸುವ ಬ್ರೆವೆಗಳಲ್ಲಿ (ನಿಗದಿತ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿಗಳಲ್ಲಿ) 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300 ಕಿ.ಮೀ.ಗೆ 20 ಗಂಟೆ ಸಮಯ ಕೊಡುತ್ತಾರೆ. ಗುಂಪಿನ ಪ್ರತಿಯೊಬ್ಬರೂ ಒಂದು 200 ಮುಗಿಸಿರಲಿ. ಸಾಧ್ಯವಾದರೆ ಒಂದು 300 ಕೂಡ, ಯಾಕೆಂದರೆ ಅದರಲ್ಲಿ ಕತ್ತಲೆ ಬಂದೇ ಬರುತ್ತದೆ.

ಆದರೆ ಬ್ರೆವೆ ಒಬ್ಬೊಬ್ಬರ ಪರೀಕ್ಷೆ. ಗುಂಪಿನ ಪರೀಕ್ಷೆಗೆ ಬೇರೆಯದೇ ರಾತ್ರಿ ಬೇಕು. ಏಪ್ರಿಲ್ ಅಥವಾ ಮೇ ತಿಂಗಳಲ್ಲಿ, ಶನಿವಾರ ರಾತ್ರಿ 8:30ಕ್ಕೇ ಹೊರಡಿ. ದೊಡ್ಡಬಳ್ಳಾಪುರ, ಗೌರಿಬಿದನೂರು ಕಡೆಯ ರಸ್ತೆ ಇದಕ್ಕೆ ಆಗುತ್ತದೆ. ಮೈಸೂರು ಎಕ್ಸ್‌ಪ್ರೆಸ್‌ವೇ ಯೋಚನೆ ಬೇಡ, 2023ರ ಆಗಸ್ಟ್‌ನಿಂದ ಅದರ ಮುಖ್ಯ ರಸ್ತೆಯಲ್ಲಿ ಸೈಕಲ್‌ಗೆ ಅವಕಾಶ ಇಲ್ಲ. ಲಂಡನ್‌ಗೆ ಒಯ್ಯುವ ಅದೇ ದೀಪ, ಅದೇ ಚೀಲ, ಅದೇ ತಿಂಡಿ ಇರಲಿ. ಬೀದಿನಾಯಿಗಳ ಕಾಟ ಇಲ್ಲಿ ಇದ್ದದ್ದೇ. ನಾಯಿ ಅಟ್ಟಿಸಿಕೊಂಡು ಬಂದಾಗ ಸಾಲು ಚದುರದಂತೆ ನಿಧಾನ ಮಾಡುವುದನ್ನು ಕಲಿತ ಗುಂಪಿಗೆ ಸಫೋಕ್‌ನ ರಸ್ತೆಯಲ್ಲಿ ಜಿಂಕೆ ಅಡ್ಡ ಬಂದರೂ ಗಾಬರಿಯಾಗುವುದಿಲ್ಲ.

ಈ ರಾತ್ರಿಯಲ್ಲೇ ಮೂಲೆ ಕಾಯುವ ಪದ್ಧತಿ ರೂಢಿ ಮಾಡಿಕೊಳ್ಳಿ. ಇಡೀ ಯೋಜನೆಯಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಇದೇ.

ಮುಂದಾಳು ಒಬ್ಬರು, ಕೊನೆಯಲ್ಲಿ ಬರುವವರು ಒಬ್ಬರು. ಈ ಇಬ್ಬರು ರಾತ್ರಿಯಿಡೀ ಬದಲಾಗುವುದಿಲ್ಲ. ತಿರುವು ಬಂದಾಗ ಮುಂದಾಳಿನ ಹಿಂದೆಯೇ ಇರುವ ಒಬ್ಬ ಸವಾರರು ಮೂಲೆಯಲ್ಲಿ, ರಸ್ತೆಯಿಂದ ಕೆಳಗೆ ಇಳಿದು ನಿಲ್ಲುತ್ತಾರೆ. ಒಂದು ಕಾಲು ನೆಲಕ್ಕೆ, ಒಂದು ಕೈ ತಿರುವಿನ ಕಡೆಗೆ. ಬಂದವರಿಗೆಲ್ಲ ದಾರಿ ತೋರಿಸುತ್ತಾರೆ. ಕೊನೆಯವರು ಬಂದು 'ಎಲ್ರೂ ಬಂದ್ರು, ನಡೀರಿ' ಅಂದ ಮೇಲೆಯೇ ಅವರ ಮುಂದೆ ಸಾಲಿಗೆ ಸೇರುತ್ತಾರೆ. ಮುಂದಿನ ತಿರುವಿಗೆ ಆಗ ಎರಡನೆಯ ಸ್ಥಾನದಲ್ಲಿ ಇರುವವರು. ಹೀಗೆ ಎಲ್ಲರಿಗೂ ಸರದಿ ಬರುತ್ತದೆ, ಎಲ್ಲರಿಗೂ ಒಂದೊಂದು ನಿಮಿಷ ಕಾಲಿಗೆ ಬಿಡುವೂ ಸಿಗುತ್ತದೆ. ಯಾರೂ ಫೋನ್ ನೋಡಬೇಕಿಲ್ಲ, ಯಾರೂ ದಾರಿ ತಪ್ಪುವುದಿಲ್ಲ. ನಿಧಾನದವರು ಎಷ್ಟು ಹಿಂದೆ ಬಿದ್ದರೂ ಮೂಲೆಯಲ್ಲಿ ಒಬ್ಬರು ಕಾಯುತ್ತಿರುತ್ತಾರೆ. ಕತ್ತಲಲ್ಲಿ ಆ ಚಾಚಿದ ಕೈ ಕಂಡಾಗ ಆಗುವ ಸಮಾಧಾನಕ್ಕೆ ಬೇರೆ ಯಾವ ಉಪಕರಣವೂ ಸಾಟಿಯಲ್ಲ.

ಡೈನಮೋ ರಾತ್ರಿ ಇದಕ್ಕೊಂದು ತೊಡಕಿದೆ. ಬೇರೆ ಸವಾರರು ನಡುವೆ ನುಗ್ಗುತ್ತಾರೆ, ಎಲ್ಲರ ಹಿಂದೀಪವೂ ಕೆಂಪೇ. ನಿಮ್ಮವರೆಲ್ಲರ ಬೆನ್ನಿಗೆ ಒಂದೇ ಬಣ್ಣದ ಪ್ರತಿಫಲಿಸುವ ಪಟ್ಟಿ ಕಟ್ಟಿ. ಮೂಲೆಯಲ್ಲಿ ನಿಂತವರು ಕನ್ನಡದಲ್ಲೇ ಕೂಗಲಿ. ಸಾವಿರ ಜನರ ನಡುವೆ 'ಎಡಕ್ಕೆ, ಎಡಕ್ಕೆ!' ಅಂದರೆ ನಿಮ್ಮವರ ಕಿವಿ ಮಾತ್ರ ನಿಮಿರುತ್ತದೆ. 'ಗುಂಡಿ', 'ಹಿಂದೆ ಕಾರು', 'ನಿಧಾನ' ಈ ಮೂರು ಕೂಗು ಸಾಕು.

ದೀಪ, ಬಟ್ಟೆ, ತಿಂಡಿ

ಬ್ರಿಟನ್ನಿನಲ್ಲಿ ಕತ್ತಲಾದ ಮೇಲೆ ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ ಮತ್ತು ಕೆಂಪು ರಿಫ್ಲೆಕ್ಟರ್ ಕಡ್ಡಾಯ. ಪೆಡಲ್‌ಗಳಲ್ಲಿ ಹಳದಿ ರಿಫ್ಲೆಕ್ಟರ್ ಇರಬೇಕೆಂದೂ ನಿಯಮ ಹೇಳುತ್ತದೆ. ನಮ್ಮಂತೆ ಅಲ್ಲೂ ಎಡಬದಿಯ ಸಂಚಾರ, ಅದೊಂದು ನೆಮ್ಮದಿ. ಫುಟ್‌ಪಾತ್ ಮೇಲೆ ಸೈಕಲ್ ಓಡಿಸುವಂತಿಲ್ಲ, ಮೋಟರ್‌ವೇಗೆ ಹೋಗುವಂತಿಲ್ಲ. ಹೆಲ್ಮೆಟ್ ಕಾನೂನಿನಲ್ಲಿ ಕಡ್ಡಾಯವಲ್ಲ, ನಿಮ್ಮ ಗುಂಪಿನಲ್ಲಿ ಕಡ್ಡಾಯ ಮಾಡಿ.

ಮುಂದೀಪ ಎಂಟು ಗಂಟೆ ಉರಿಯಬೇಕು. ಡಬ್ಬಿಯ ಮೇಲೆ ಬರೆದ ಸಮಯ ನಂಬಬೇಡಿ. ಮನೆಯಲ್ಲಿ ಪೂರ್ತಿ ಚಾರ್ಜ್ ಮಾಡಿ, ನೀವು ಬಳಸುವ ಮಟ್ಟದಲ್ಲಿ ಉರಿಸಿ, ಆರುವವರೆಗೆ ಗಡಿಯಾರ ನೋಡಿ. ದೀಪದ ಬೆಳಕು ನಿಮ್ಮ ಮುಂದಿನ ರಸ್ತೆಗೆ ಬೀಳಲಿ, ಎದುರಿನವರ ಮುಖಕ್ಕಲ್ಲ. ಹಿಂದೀಪ ಮಿನುಗುವಂತೆ ಇಡಬೇಡಿ, ಸ್ಥಿರವಾಗಿರಲಿ. ಹಿಂದೆ ಬರುವವರು ಆ ಮಿನುಗನ್ನೇ ನಾಲ್ಕು ಗಂಟೆ ನೋಡಿದರೆ ತಲೆ ಸಿಡಿಯುತ್ತದೆ. ಒಂದು ಆರಿಹೋದರೆ ಇರಲಿ ಅಂತ ಎರಡು ಹಿಂದೀಪ ಕಟ್ಟಿಕೊಳ್ಳಿ.

ಜುಲೈ ಅಂದರೂ ಅಲ್ಲಿ ಬೆಳಗಿನ ಜಾವ 10 ಡಿಗ್ರಿ ಆಸುಪಾಸಿಗೆ ಇಳಿಯಬಹುದು. ನಮ್ಮ ಡಿಸೆಂಬರ್ ಮುಂಜಾವಿಗಿಂತ ಚಳಿ ಅದು. ತುಳಿಯುವಾಗ ಗೊತ್ತಾಗುವುದಿಲ್ಲ, ಪಂಕ್ಚರ್‌ಗೆ ಹತ್ತು ನಿಮಿಷ ನಿಂತರೆ ಬೆವರು ತಣ್ಣಗಾಗಿ ಹಲ್ಲು ಕಟಕಟ ಅನ್ನುತ್ತದೆ. ತೋಳುಗವಸು, ಪೂರ್ತಿ ಬೆರಳಿನ ಗ್ಲೌಸ್, ತೆಳು ಮಳೆ ಜಾಕೆಟ್ ಬೇಕೇ ಬೇಕು.

ತಿಂಡಿ ವಿಷಯದಲ್ಲಿ ಒಂದು ಎಚ್ಚರಿಕೆ. ಭಾರತದಿಂದ ಬ್ರಿಟನ್ನಿಗೆ ಹಾಲು, ಮಾಂಸದ ಪದಾರ್ಥ ಒಯ್ಯುವಂತಿಲ್ಲ. ಧಾರವಾಡ ಪೇಡ ಮನೆಯಲ್ಲೇ ಇರಲಿ. ಕಡಲೆ ಚಿಕ್ಕಿ, ಖರ್ಜೂರ, ಖಾರದ ಅವಲಕ್ಕಿ ತೆಗೆದುಕೊಳ್ಳಿ. ಶನಿವಾರದ ಅನ್ನದ ಊಟಕ್ಕೆ ಈಸ್ಟ್ ಹ್ಯಾಮ್ ಕಡೆ ದಕ್ಷಿಣ ಭಾರತದ ಹೋಟೆಲ್‌ಗಳಿವೆ. ಅಲ್ಲೇ ಲೆಮನ್ ರೈಸ್ ಕಟ್ಟಿಸಿಕೊಂಡು ರಾತ್ರಿಗೂ ಇಟ್ಟುಕೊಳ್ಳಬಹುದು, ಮೊಸರನ್ನ ಬೇಡ. ಹಸಿವಾಗಲಿ ಅಂತ ಕಾಯಬೇಡಿ, ಮುಕ್ಕಾಲು ಗಂಟೆಗೊಮ್ಮೆ ಏನಾದರೂ ಬಾಯಿಗೆ ಹಾಕಿಕೊಳ್ಳಿ. ಸಸ್ಯಾಹಾರಿಗಳು ರಾತ್ರಿಯ ಹಳ್ಳಿ ತಿಂಡಿಯನ್ನೇ ನಂಬಿ ಹೋಗುವುದು ಬೇಡ.

ಆ ರಾತ್ರಿ

ಮೊದಲ 30 ಕಿ.ಮೀ. ಊರಿನ ಗದ್ದಲ. ಸಿಗ್ನಲ್‌ಗಳು, ಬಸ್ಸುಗಳು, ಎಪ್ಪಿಂಗ್ ಕಾಡಿನ ಏರು. ಇಲ್ಲಿ ಗುಂಪು ಒಡೆಯುವುದು ಸಹಜ, ಕಾಡು ದಾಟಿದ ಮೇಲೆ ಒಮ್ಮೆ ನಿಂತು ತಲೆ ಎಣಿಸಿ. ಹೊಟ್ಟೆ ಸರಿ ಇಲ್ಲದವರು, ಮಂಡಿ ನೋಯುತ್ತಿರುವವರು ತೀರ್ಮಾನ ಮಾಡಬೇಕಾದದ್ದು ಇಲ್ಲೇ. ಎಪ್ಪಿಂಗ್ ದಾಟಿದ ಮೇಲೆ ಬೆಳಗಿನವರೆಗೆ ರೈಲಿನ ಆಸರೆ ಇಲ್ಲ ಎಂದೇ ಲೆಕ್ಕ ಹಾಕಿ. ವಾಪಸ್ ಹೋಗುವವರನ್ನು ಒಬ್ಬರೇ ಕಳಿಸಬೇಡಿ.

ಆಮೇಲೆ ಗ್ರೇಟ್ ಡನ್ಮೋ, ಫಿಂಚಿಂಗ್‌ಫೀಲ್ಡ್, ಸಡ್‌ಬರಿ. ಸಡ್‌ಬರಿ ಬಂತು ಅಂದರೆ ಅರ್ಧ ದಾರಿ ಆಯಿತು. ದೊಡ್ಡ ಬೆಟ್ಟಗಳಿಲ್ಲ, ಸಣ್ಣ ಸಣ್ಣ ಏರಿಳಿತ ಮುಗಿಯುವುದೇ ಇಲ್ಲ. ಇಂಗ್ಲೆಂಡಿನಲ್ಲಿ ಗಾಳಿ ಹೆಚ್ಚಾಗಿ ನೈಋತ್ಯದಿಂದ ಬೀಸುತ್ತದೆ, ನೀವು ಈಶಾನ್ಯಕ್ಕೆ ಹೋಗುತ್ತೀರಿ. ಅದೃಷ್ಟ ಇದ್ದರೆ ಬೆನ್ನಿಗೆ ಗಾಳಿ. ಹಳ್ಳಿ ರಸ್ತೆಗಳ ಎರಡೂ ಬದಿ ಮುಳ್ಳುಬೇಲಿ, ಹಾಗಾಗಿ ಪ್ರತಿಯೊಬ್ಬರ ಹತ್ತಿರ ಎರಡು ಟ್ಯೂಬ್ ಇರಲಿ. ಹಲವು ಕಡೆ ಫೋನ್ ಸಿಗ್ನಲ್ ಸಿಗುವುದಿಲ್ಲ. ನಕ್ಷೆಯನ್ನು ಮೊದಲೇ ಡೌನ್‌ಲೋಡ್ ಮಾಡಿ, ಊರುಗಳ ಹೆಸರನ್ನು ಚೀಟಿಯಲ್ಲಿ ಬರೆದು ಹ್ಯಾಂಡಲ್‌ಗೆ ಅಂಟಿಸಿ. ತುರ್ತಿಗೆ 999, ನಮಗೆ ರೂಢಿಯಾದ 112 ಕೂಡ ಅಲ್ಲಿ ನಡೆಯುತ್ತದೆ.

ಬೆಳಗಿನ ಜಾವ ಮೂರರಿಂದ ಐದು ಗಂಟೆಯವರೆಗೆ ಕಷ್ಟದ ಸಮಯ. ಮಾತು ನಿಲ್ಲುತ್ತದೆ. ಯಾರಾದರೂ ಸುಮ್ನೆ ಇದ್ದುಬಿಟ್ಟರೆ, ಸಾಲಿನಿಂದ ಅತ್ತಿತ್ತ ವಾಲಿದರೆ, ಕೊನೆಯವರು ಕೂಡಲೇ ಇಡೀ ಗುಂಪನ್ನು ನಿಲ್ಲಿಸಬೇಕು. ಹದಿನೈದು ನಿಮಿಷ ಬಸ್ ಶೆಲ್ಟರಿನಲ್ಲಿ ಕಣ್ಣು ಮುಚ್ಚಿದರೆ ಮುಂದಿನ ಎರಡು ಗಂಟೆ ಸಿಗುತ್ತದೆ. ಈ ತೀರ್ಮಾನದ ಹಕ್ಕು ಕೊನೆಯವರದ್ದು, ಮುಂದಾಳು ಎದುರಾಡಬಾರದು. ಬೆಳಗಾದ ಮೇಲೆ ತೀರಾ ಸೋತವರಿಗೆ ನೀಡಮ್ ಮಾರ್ಕೆಟ್‌ನಲ್ಲಿ ರೈಲು ನಿಲ್ದಾಣ ಇದೆ. ಉಳಿದವರಿಗೆ ಫ್ರಾಮ್ಲಿಂಗಮ್, ಪೀಸೆನ್‌ಹಾಲ್, ಆಮೇಲೆ ಕುರುಚಲು ಕಾಡಿನ ನಡುವೆ ಕೊನೆಯ ರಸ್ತೆ.

ಡನಿಚ್ ಈಗ ಬೆರಳೆಣಿಕೆಯ ಮನೆಗಳ ಹಳ್ಳಿ. ಮಧ್ಯಯುಗದಲ್ಲಿ ದೊಡ್ಡ ಬಂದರು ಪಟ್ಟಣವಾಗಿತ್ತು. 1286ರ ಬಿರುಗಾಳಿಯಿಂದ ಶುರುವಾಗಿ ಶತಮಾನಗಳ ಕಾಲ ಕಡಲು ಅದರ ಬೀದಿಗಳನ್ನು, ಚರ್ಚುಗಳನ್ನು ಒಂದೊಂದಾಗಿ ತಿಂದಿತು. ತಲಕಾಡನ್ನು ಮರಳು ಮುಚ್ಚಿದಂತೆ ಇದನ್ನು ನೀರು ನುಂಗಿದೆ. ತೀರದಲ್ಲಿ ಮರಳಿಗಿಂತ ಉರುಟು ಕಲ್ಲುಗಳೇ ಜಾಸ್ತಿ. ಪೆಡಲಿಗೆ ಕಚ್ಚಿಕೊಳ್ಳುವ ಕ್ಲೀಟ್ ಶೂ ಬಿಚ್ಚಿ ನಡೆಯಿರಿ. ನೀರು ನಮ್ಮ ಅರಬ್ಬಿ ಸಮುದ್ರಕ್ಕಿಂತ ತುಂಬಾ ತಣ್ಣಗಿರುತ್ತದೆ, ದಣಿದ ಮೈಯಲ್ಲಿ ಆಳಕ್ಕೆ ಇಳಿಯಬೇಡಿ. ಕಾಲು ನೆನೆಸಿ, ತೀರದ ಕೆಫೆಯಲ್ಲಿ ಬಿಸಿ ಚಹಾ ಕುಡಿಯಿರಿ.

ವಾಪಸ್ ಬರುವುದು

ಇದನ್ನು ಎಷ್ಟೋ ಗುಂಪುಗಳು ಕೊನೆಗೆ ಬಿಡುತ್ತವೆ. ನೀವು ಟಿಕೆಟ್ ಕೊಳ್ಳುವ ವಾರವೇ ತೀರ್ಮಾನಿಸಿ. ಡನಿಚ್‌ನಲ್ಲಿ ರೈಲಿಲ್ಲ. ಹತ್ತಿರದ ಡಾರ್ಶಮ್ ನಿಲ್ದಾಣದ ಸಣ್ಣ ರೈಲುಗಳಲ್ಲಿ ಸೈಕಲ್‌ಗೆ ಜಾಗ ಕಮ್ಮಿ, ಎಂಟು ಜನ ಒಟ್ಟಿಗೆ ಹತ್ತುವ ಮಾತೇ ಇಲ್ಲ. ಡೈನಮೋ ದಿನ ಲಂಡನ್‌ಗೆ ಕೋಚ್ ಬಸ್ಸುಗಳ ವ್ಯವಸ್ಥೆ ಇರುವುದುಂಟು, ಸೈಕಲ್‌ಗಳು ಲಾರಿಯಲ್ಲಿ ಬರುತ್ತವೆ. ಆ ಸೀಟುಗಳು ಬೇಗ ಮುಗಿಯುತ್ತವೆ. ಅದು ಸಿಗದಿದ್ದರೆ ಚಾಲಕನ ಸಮೇತ ದೊಡ್ಡ ವ್ಯಾನ್ ಬಾಡಿಗೆಗೆ ಹೇಳಿ, ಎಂಟು ಪಾಲು ಹಾಕಿದರೆ ಹೊರೆಯಾಗುವುದಿಲ್ಲ. ನನ್ನನ್ನು ಕೇಳಿದರೆ ಮೂರನೆಯ ದಾರಿ ಒಳ್ಳೆಯದು: ಭಾನುವಾರ ರಾತ್ರಿ ಹತ್ತಿರದ ಸೌತ್‌ವೋಲ್ಡ್ ಅಥವಾ ಸ್ಯಾಕ್ಸ್‌ಮಂಡಮ್‌ನಲ್ಲಿ ಉಳಿದು, ಚೆನ್ನಾಗಿ ನಿದ್ದೆ ಮಾಡಿ, ಸೋಮವಾರ ಇಬ್ಬಿಬ್ಬರಾಗಿ ಬೇರೆ ಬೇರೆ ರೈಲು ಹಿಡಿದು ಇಪ್ಸ್‌ವಿಚ್ ಮೇಲೆ ಲಂಡನ್ ಸೇರಿ. ಆ ರೈಲುಗಳಲ್ಲಿ ಸೈಕಲ್ ಜಾಗವನ್ನು ಮುಂಚೆಯೇ ಕಾದಿರಿಸಿ.

ಬೆಂಗಳೂರಿನ ವಿಮಾನ ಬುಧವಾರಕ್ಕಿಂತ ಮೊದಲು ಬೇಡ. ಮಂಗಳವಾರ ಸೈಕಲ್ ತೊಳೆದು, ಟೈರಿನ ಮಣ್ಣು ತೆಗೆದು, ಚೈನ್ ಒರೆಸಿ ಡಬ್ಬಿಗೆ ಹಾಕಿ. ಎಕ್ಸ್‌ಪೋರ್ಟ್ ಸರ್ಟಿಫಿಕೇಟನ್ನು ಡಬ್ಬಿಯೊಳಗೆ ಇಡಬೇಡಿ, ಪಾಸ್‌ಪೋರ್ಟ್ ಜೊತೆ ಕೈಯಲ್ಲಿರಲಿ.